ಆದೆಪ್ಪ ಬಂಡೆ ಓದಿದ್ದು

ಸಿಂಧನೂರಿನ ಇತಿಹಾಸಾಭಿಮಾನಿ ಮಂಡಳಿಯವರು ಪ್ರತಿ ಯುಗಾದಿಗೆ ಆ ವರ್ಷದ ಕಾರ್ಯಕ್ರಮಗಳನ್ನು ಸಾರುತ್ತಿದ್ದರು. ತಿಂಗಳಿಗೊಂದು ಭಾಷಣ, ಸುಗ್ಗಿ ಮುಗಿದ ಮೇಲೆ ಒಂದು ಪ್ರವಾಸ. ಭಾಷಣಗಳು ಸಾರಿದಷ್ಟು ನಡೆಯುತ್ತಿರಲಿಲ್ಲ. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಒಬ್ಬ ನಿಂತು ಮಾತಾಡಿ ನಾಲ್ವರು ಕೂತು ಕೇಳಬೇಕೆಂದರೆ ಪೊಲೀಸ್ ಅಮೀನರ ಇಜಾಜತ್, ಅಂದರೆ ಅಪ್ಪಣೆ, ಬೇಕಾಗಿತ್ತು. ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬರುವುದಕ್ಕೆ ಯಾರ ಅಪ್ಪಣೆಯೂ ಬೇಡವಾದ್ದರಿಂದ ಪ್ರವಾಸ ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಹಿಂದಿನ ವರ್ಷ ಮುದಗಲ್ಲ ಕೋಟೆಗೆ ಹೋದವರು ಬಾಗಿಲ ನೆರಳಲ್ಲಿ ಬುತ್ತಿ ಬಿಚ್ಚಿ, ಅಲ್ಲೇ ಅಡ್ಡಾಗಿ, ಸಂಜೆ ಎದ್ದು ಬಂಡಿ ಹೂಡಿದ್ದರು. ಕೋಟೆಯ ಒಳಗೆ ಏನಿದೆ ಎಂಬ ಬಗ್ಗೆ ಮಂಡಳಿಯಲ್ಲಿ ಇಂದಿಗೂ ಒಮ್ಮತವಿಲ್ಲ.

ಈ ಮಂಡಳಿಯ ಕಾರ್ಯದರ್ಶಿ ಆದೆಪ್ಪ. ಪೇಟೆಯಲ್ಲಿ ಅವನದೊಂದು ಪತ್ತಲದ ಅಂಗಡಿ. ಸೀರೆಯ ದರ ಕೇಳಿದ ಹೆಂಗಸರಿಗೆ ಅವನು ಅದರ ಅಂಚಿನ ಚರಿತ್ರೆಯನ್ನು ಚಾಲುಕ್ಯರಿಂದ ಹಿಡಿದು ಹೇಳಿಕೊಂಡು ಬರುತ್ತಿದ್ದ. ವಿಜಯನಗರ ಮುಟ್ಟುವ ಹೊತ್ತಿಗೆ ಅವರು ಎದುರಿನ ಅಂಗಡಿಯಲ್ಲಿ ಸೀರೆ ಕೊಂಡು ಮನೆಗೆ ಹೋಗಿರುತ್ತಿದ್ದರು. ಆದೆಪ್ಪನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಕೇಳುವವರು ಹೋದ ಮೇಲೂ ಅವನು ತಾಳೀಕೋಟೆ ಯುದ್ಧದವರೆಗೆ ಮುಗಿಸಿಯೇ ಬಿಡುತ್ತಿದ್ದ.

ಅವನಲ್ಲಿದ್ದ ಒಂದೇ ದೋಷವೆಂದರೆ ಮಸ್ಕಿಯ ಬಂಡೆ. ಹಿಂದೊಮ್ಮೆ ಚಿನ್ನ ಹುಡುಕಲು ಬಂದ ಒಬ್ಬ ಬಿಳಿ ದೊರೆ ಮಸ್ಕಿಯ ಗುಡ್ಡದಲ್ಲಿ ಚಿನ್ನ ಸಿಗದೆ ಅಕ್ಷರ ಕಂಡುಹಿಡಿದಿದ್ದ. ಅವು ಅಶೋಕನೆಂಬ ಪುರಾತನ ಚಕ್ರವರ್ತಿ ಕೊರೆಯಿಸಿದವು ಎಂದು ಆಮೇಲೆ ಗೊತ್ತಾಯಿತು. ಅವು ಏನು ಹೇಳುತ್ತವೆ ಎಂಬುದು ಹೈದರಾಬಾದಿನ ಪಂಡಿತರಿಗೆ ಗೊತ್ತಿತ್ತು. ಸಿಂಧನೂರಿನಲ್ಲಿ ಆದೆಪ್ಪನಿಗೆ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ತಂಗಿಯ ಮದುವೆಗೆ ಮಸ್ಕಿಗೆ ಹೋದಾಗ ಬಂಡೆಯ ಮುಂದೆ ನಿಂತು ಒಂದು ಎಲೆ ಅಡಿಕೆ ಜಗಿದು ಬಂದಿದ್ದೇ ಅವನ ವಿದ್ಯಾಭ್ಯಾಸ.

ಆ ವರ್ಷದ ಯುಗಾದಿ ಸಭೆಯಲ್ಲಿ ಮಂಡಳಿಯ ಅಧ್ಯಕ್ಷ ಹಸನ್‌ಸಾಬ್ ಮಾಸ್ತರರು ಕನ್ನಡಕ ಏರಿಸಿ ಗಟ್ಟಿಯಾಗಿ ಸಾರಿದರು. ಅವರು ಉರ್ದು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ಯಾರ ಮಾತನ್ನೂ ಸುಳ್ಳೆಂದು ತಿಳಿಯದ ಸಜ್ಜನರು.

“ಈ ಸಲ ಪ್ರವಾಸ ಮಸ್ಕಿಗೆ. ಆದೆಪ್ಪ ಬಂಡೆ ಮುಂದ ನಿಂತು ರಾಜನ ಬರಹ ಓದಿ ಅರ್ಥ ಹೇಳ್ತಾನ.”

ಆದೆಪ್ಪನ ಬಾಯಲ್ಲಿದ್ದ ಬೇವು ಬೆಲ್ಲದಲ್ಲಿ ಬೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ನನ್ನ ಹೆಸರು ಯಾಕ್ರಿ ಮಾಸ್ತರ? ಬ್ಯಾರೆ ಯಾರರೆ ಓದ್ಲಿ ಬಿಡ್ರಿ.”

“ಬ್ಯಾರೆ ಯಾರಿಗೆ ಬರ್ತೈತಿ? ನಮ್ಮ ಪುಣ್ಯಕ್ಕ ನೀ ಒಬ್ಬ ಸಿಕ್ಕೀದಿ.”

ಮನೆಯಲ್ಲಿ ಹೆಂಡತಿ ಪಕೀರಮ್ಮ ರೊಟ್ಟಿ ಬಡಿಯುತ್ತ ಈ ಸುದ್ದಿ ಕೇಳಿದಳು.

“ನಿಮಗ ಬರ್ತೈತೇನ್ರಿ ಅದನ್ನ ಓದಾಕ?”

“ಹಳೇ ಅಕ್ಷರ. ನೋಡಿದ್ರ ತಿಳೀತಾವ.”

“ಮನ್ನೆ ನಮ್ಮಪ್ಪನ ಕಾಗದ ಬಂದಿತ್ತು. ಅದನ್ನೂ ನೋಡಿದ್ರಿ.”

“ನಿಮ್ಮಪ್ಪನ ಅಕ್ಷರಕ್ಕಿಂತ ಅಶೋಕನ ಅಕ್ಷರ ಛಲೋ ಅದಾವ,” ಎಂದು ಆದೆಪ್ಪ ಎದ್ದು ಹೊರಗೆ ಹೋದ.

ಮಸ್ಕಿಯಲ್ಲಿ ನಿಂತು ಮಾತಾಡಲು ಲಿಂಗಸುಗೂರಿನ ಅಮೀನರ ಅಪ್ಪಣೆ ಬೇಕಾಗಿತ್ತು. ಆದೆಪ್ಪನೂ ಹಸನ್‌ಸಾಬರೂ ಲಿಂಗಸುಗೂರಿಗೆ ಹೋದರು. ಅಮೀನ ಜಿಲಾನಿಸಾಬರು ಗದರುವ ಮನುಷ್ಯರಲ್ಲ. ಅವರಿಗೆ ಇದ್ದ ವ್ಯಸನ ಒಂದೇ: ಕಾಗದ ಸರಿಯಾಗಿರಬೇಕು. ಸರಿಯಾದ ಕಾಗದ ಕೈಗೆ ಬಂದರೆ ಅವರ ಮುಖದಲ್ಲಿ ಮಗುವಿನ ನಗೆ ಮೂಡುತ್ತಿತ್ತು.

“ಭಾಷಣ ಯಾರ್ದು?” ಎಂದು ಅವರು ಕೇಳಿದರು.

“ನಂದಲ್ರಿ ಸಾಹೇಬ್ರ. ನಾ ಬರೇ ಓದವ. ಮಾತು ರಾಜಂದು.”

“ಯಾವ ರಾಜ? ಎಲ್ಲಿರ್ತಾನ?”

“ತೀರಿಕೊಂಡಾನ್ರಿ. ಎರಡು ಸಾವಿರ ವರ್ಷದ ಮ್ಯಾಲಾತು.”

“ಬೇಶಾತು,” ಎಂದರು ಅಮೀನರು ನೆಮ್ಮದಿಯಿಂದ. “ತ್ರಾಸು ಕೊಡವ್ರು ಬದುಕಿದ್ದವರು. ಆದ್ರೂ ಕಾಯ್ದೆ ಕಾಯ್ದೆನ. ಏನು ಓದ್ತೀರಿ ಅದನ್ನ ಮೊದಲ ಬರದು ಕೊಡ್ರಿ. ನಾ ಮೊಹರು ಹಾಕ್ತೀನಿ. ಅಲ್ಲಿ ಅಷ್ಟ ಓದಬೇಕು. ಹೆಚ್ಚಿಲ್ಲ, ಕಮ್ಮಿಯಿಲ್ಲ.”

ಕಚೇರಿಯ ಹೊರಗೆ ಬೇವಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಹಸನ್‌ಸಾಬರು ಕಾಗದ, ಮಸಿ, ಲೇಖನಿ ತೆಗೆದು, “ಹೇಳಪ್ಪ, ನಾ ಉರ್ದುದಾಗ ಬರೀತೀನಿ,” ಎಂದರು. ಆದೆಪ್ಪ ಕಣ್ಣು ಮುಚ್ಚಿದ. ಬಂಡೆಯನ್ನು ನೆನಪಿಸಿಕೊಳ್ಳುತ್ತಿದ್ದಾನೆಂದು ಮಾಸ್ತರರು ಗೌರವದಿಂದ ಕಾದರು. ಓಡಿ ಹೋದರೆ ಸಿಂಧನೂರಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದೆಂದು ಆದೆಪ್ಪ ಯೋಚಿಸುತ್ತಿದ್ದ.

“ತಾಯಿ ತಂದಿ ಮಾತು ಕೇಳ್ರಿ,” ಎಂದ ಕೊನೆಗೆ. “ಸುಳ್ಳು ಹೇಳಬ್ಯಾಡ್ರಿ.” ಇದನ್ನು ಹೇಳುವಾಗ ಅವನಿಗೆ ಸಣ್ಣಗೆ ಕೆಮ್ಮು ಬಂತು.

ಅಮೀನರು ಅದನ್ನು ನೋಡಿ ತಲೆಯಾಡಿಸಿದರು. “ಇಷ್ಟನ? ಅಷ್ಟು ದೊಡ್ಡ ಬಂಡೆ ಮ್ಯಾಲೆ ಎರಡ ಮಾತಾ? ಹಾಳಿ ಪೂರಾ ತುಂಬಬೇಕು. ಖಾಲಿ ಜಾಗ ಬಿಟ್ರ ಮೊಹರು ಬಿದ್ದ ಮ್ಯಾಲೆ ಯಾರರೆ ಏನರೆ ಬರೀತಾರ. ಹೋಗ್ರಿ, ತುಂಬಿಸ್ಕೊಂಡು ಬರ್ರಿ.”

ಎರಡನೆಯ ಸಲ ಕಟ್ಟೆಗೆ ಬಂದಾಗ ಬಿಸಿಲೇರಿತ್ತು. ಆದೆಪ್ಪ ಮತ್ತೆ ಕಣ್ಣು ಮುಚ್ಚಿ ಚಕ್ರವರ್ತಿಯ ಮಾತುಗಳನ್ನು ಒಂದೊಂದಾಗಿ ಬಿಟ್ಟ. ಎತ್ತಿನ ಮೇಲೆ ಹೆಚ್ಚು ಹೇರಬಾರದು. ದಾರಿಯ ಪಕ್ಕ ಗಿಡ ಹಚ್ಚಬೇಕು. ಹಸಿದು ಬಂದವರಿಗೆ ಅನ್ನ ಹಾಕಬೇಕು. ಹಾಳೆ ಇನ್ನೂ ಉಳಿದಿತ್ತು. “ಅರಿವಿ ಅಂಗಡ್ಯಾಗ ಚೌಕಾಸಿ ಮಾಡಬಾರದು,” ಎಂದ, ತನ್ನ ಬಟ್ಟೆಯಂಗಡಿ ನೆನೆದು. ಹಸನ್‌ಸಾಬರು ಲೇಖನಿ ಎತ್ತಿ ಹಿಡಿದರು.

“ಆ ಕಾಲಕ್ಕ ಅರಿವಿ ಅಂಗಡಿ ಇದ್ವೇನು ಆದೆಪ್ಪ?”

“ಅದು ಬ್ಯಾಡ ಬಿಡ್ರಿ. ಆ ಸಾಲು ಸ್ವಲ್ಪ ಸವದೈತಿ.”

ಗಂಟಲು ಒಣಗಿ ಮಾತು ಹೊರಡದಂತಾಗಿತ್ತು. ಎದುರಿಗೆ ಯಾರೋ ಬಾವಿ ಕಟ್ಟೆಯ ಮೇಲೆ ಸರದಿಗೆ ಕಾಯುತ್ತಿದ್ದರು. ಆದೆಪ್ಪ ಕಣ್ಣು ಮುಚ್ಚುವುದನ್ನೂ ಮರೆತು ಹೇಳಿದ: “ಬಾವಿಗೆ ಬಂದವರನ್ನ ತಡೀಬಾರದು. ತೋಡಿಸಿದವ ಯಾರ ಇರ್ಲಿ, ನೀರು ಎಲ್ಲಾರ್ದು. ದಿಕ್ಕಿಲ್ಲದವರ ಕೊಡ ಮೊದಲ ತುಂಬಬೇಕು.”

ಹಾಳೆ ತುಂಬಿತು. ಜಿಲಾನಿಸಾಬರು ಅಂಚಿನಿಂದ ಅಂಚಿಗೆ ಓದಿ, ಮಗುವಿನ ಹಾಗೆ ನಕ್ಕು, ಹಾಳೆಯ ತಲೆಗೊಂದು, ಬುಡಕ್ಕೊಂದು ದುಂಡು ಮೊಹರು ಒತ್ತಿದರು. ಅದರ ನಕಲೊಂದನ್ನು ಕಾಯ್ದೆಯ ಪ್ರಕಾರ ಮಸ್ಕಿಯ ಚಾವಡಿಯ ಗೋಡೆಗೆ ಅಂಟಿಸಲು ಕಳಿಸಿದರು. ಅಪ್ಪಣೆ ಸಿಕ್ಕಿದ್ದು ಒಂದು ಭಾಷಣಕ್ಕೆ. ಆದರೆ ಚಾವಡಿಯ ಗೋಡೆಗೆ ಅದು ಗೊತ್ತಿರಲಿಲ್ಲ.

ಮಸ್ಕಿಯವರು ಅದುವರೆಗೆ ಮೊಹರು ಬಿದ್ದ ಕಾಗದಗಳನ್ನು ಬಹಳ ನೋಡಿದ್ದರು. ಅವರು ನೋಡಿದ ಯಾವ ಮೊಹರಿನ ಕಾಗದವೂ ಸುಮ್ಮನೆ ಓದಿ ಹೋಗಿರೆಂದು ಹೇಳಿದ್ದಿಲ್ಲ. ಉರ್ದು ಬಲ್ಲವರೊಬ್ಬರು ಓದಿ ಕನ್ನಡದಲ್ಲಿ ಹೇಳಿದರು. ಮೇಲೆ ಮೊಹರು, ಕೆಳಗೆ ಮೊಹರು, ನಡುವೆ ರಾಜನ ಮಾತು. ಇನ್ನು ಸಂಶಯವೇನು? ತಳವಾರ ಅಂಬಪ್ಪ ಹಲಗೆ ಕೊರಳಿಗೆ ಹಾಕಿಕೊಂಡು ಬಾರಿಸುತ್ತ ಓಣಿ ಓಣಿ ತಿರುಗಿದ.

“ಕೇಳ್ರಪ್ಪೋ ಕೇಳ್ರಿ! ರಾಜನ ಹುಕುಂ ಬಂದೈತಿ! ಎತ್ತಿನ ಮ್ಯಾಲೆ ಹೆಚ್ಚು ಹೇರಂಗಿಲ್ಲ! ಬಾವಿಗೆ ಬಂದವರನ್ನ ತಡ್ಯಂಗಿಲ್ಲ!”

ಯಾವ ರಾಜ ಎಂದು ಒಬ್ಬಿಬ್ಬರು ಕೇಳಿದರು. “ಅಮೀನ್ ಸಾಹೇಬರು ಮೊಹರು ಹಾಕೂವಂಥಾ ರಾಜ,” ಎಂದು ಅಂಬಪ್ಪ ಅವರ ಬಾಯಿ ಮುಚ್ಚಿಸಿದ.

ಆ ಊರಲ್ಲಿ ಗ್ಯಾನಮ್ಮ ಎಂಬ ವಿಧವೆ ಇದ್ದಳು. ಅವಳ ಮಾವ ತೋಡಿಸಿದ ಬಾವಿ ಹಿತ್ತಲಲ್ಲೇ ಇತ್ತು. ಗಂಡ ಸತ್ತ ಮೇಲೆ ಅವನ ಅಣ್ಣ ದುರುಗಪ್ಪ ಬಾವಿ ತನ್ನದೆಂದು ಹಗ್ಗ ಸುತ್ತಿ ಒಳಗಿಟ್ಟುಕೊಂಡಿದ್ದ. ಗ್ಯಾನಮ್ಮ ಬೇಸಗೆಯಲ್ಲೂ ಹಳ್ಳಕ್ಕೆ ಹೋಗಿ ಉಸುಕು ತೋಡಿ, ಬಟ್ಟಲಲ್ಲಿ ನೀರು ಮೊಗೆದು ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಪಂಚರು ಹೇಳಿ ಸೋತಿದ್ದರು. ಹಲಗೆಯ ಸದ್ದು ಓಣಿ ದಾಟುವ ಮೊದಲೇ ಅವಳು ಕೊಡ ಹಿಡಿದು ದುರುಗಪ್ಪನ ಬಾಗಿಲಿಗೆ ಬಂದಳು.

“ಭಾವಾರ, ಹುಕುಂ ಬಂದೈತಂತ.”

ದುರುಗಪ್ಪ ಮೀಸೆ ತಿರುವಿ ಬಹಳ ಹೊತ್ತು ಯೋಚಿಸಿದ. ಆಮೇಲೆ ಊರಿಗೇ ಕೇಳುವಂತೆ ಕೂಗಿದ: “ಪಂಚರಿಗೆ ನಾ ಬಗ್ಗಿಲ್ಲ. ಬಗ್ಗೂದೂ ಇಲ್ಲ. ಆದ್ರ ರಾಜ ಹೇಳ್ಯಾನ ಅಂದ್ರ ಮಾತು ಬ್ಯಾರೆ. ಈ ದುರುಗಪ್ಪ ರಾಜಗಷ್ಟ ಬಗ್ಗವ!” ತಾನೇ ಹೊಸ ಹಗ್ಗ ತಂದು ರಾಟೆಗೆ ಕಟ್ಟಿದ. ಊರವರು ಅವನ ರಾಜಭಕ್ತಿಯನ್ನು ಕೊಂಡಾಡಿದರು. ಅವನಿಗೆ ಅದು ಎಷ್ಟು ರುಚಿಸಿತೆಂದರೆ, ಮರುದಿನದಿಂದ ಬಾವಿ ಕಟ್ಟೆಯ ಮೇಲೆ ಕೂತು, ನೀರಿಗೆ ಬಂದವರಿಗೆಲ್ಲ ತಾನೂ ರಾಜನೂ ಕೂಡಿ ಮಾಡಿದ ಏರ್ಪಾಡನ್ನು ವಿವರಿಸತೊಡಗಿದ.

ಸಿಂಧನೂರಿನಲ್ಲಿ ಇದೊಂದೂ ಗೊತ್ತಿರಲಿಲ್ಲ. ಪ್ರವಾಸದ ದಿನ ಮಂಡಳಿಯ ಬಂಡಿಗಳು ಮಸ್ಕಿ ಮುಟ್ಟಿದಾಗ ಹಲಗೆ, ಹೂಮಾಲೆ, ಊರಿಗೂರೇ ಬಂಡಿಯ ಮುಂದೆ. ಪಕೀರಮ್ಮ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬೆರಗಾದಳು.

“ಇವ್ರೆಲ್ಲಾ ಯಾರನ್ನ ನೋಡಾಕ ಬಂದಾರ್ರಿ?”

“ಇತಿಹಾಸದ ಮ್ಯಾಲೆ ಅಭಿಮಾನ ಇದ್ದ ಊರು,” ಎಂದ ಆದೆಪ್ಪ.

ಅಂಬಪ್ಪ ದಾರಿಯುದ್ದಕ್ಕೂ ಹುಕುಮಿನ ಕಥೆಯನ್ನು ಹೇಳಿದ. ಗುಡ್ಡದ ಬುಡದಲ್ಲಿ ಗ್ಯಾನಮ್ಮ ತುಂಬಿದ ಕೊಡ ಹೊತ್ತು ನಿಂತಿದ್ದಳು. “ನೀವು ಓದಿದ್ದಕ್ಕ ನಾ ಹಳ್ಳಕ್ಕ ಹೋಗೂದು ತಪ್ಪಿತ್ರಿ ಯಪ್ಪಾ,” ಎಂದು ಅಷ್ಟೇ ಹೇಳಿದಳು. ಸಿಂಧನೂರಿನಿಂದ ಹೊರಡುವಾಗ ಆದೆಪ್ಪನಿಗಿದ್ದದ್ದು ಮಾನ ಹೋದೀತೆಂಬ ಒಂದೇ ಹೆದರಿಕೆ. ಈಗ ಒಬ್ಬ ಹೆಣ್ಣುಮಗಳ ನೀರೂ ಅದರ ಜೊತೆಗೆ ಗಂಟು ಬಿದ್ದಿತ್ತು.

ಬಂಡೆಯ ಮುಂದೆ ಅಮೀನ ಜಿಲಾನಿಸಾಬರು ಕುರ್ಚಿ ಹಾಕಿಸಿಕೊಂಡು, ಮೊಹರಿನ ಕಾಗದ ಕೈಯಲ್ಲಿ ಹಿಡಿದು, ಮಾತಿಗೆ ಮಾತು ತಾಳೆ ನೋಡಲು ಸಿದ್ಧರಾಗಿದ್ದರು. ಹಸನ್‌ಸಾಬರು ಎದ್ದು ನಿಂತರು. ಅವರ ಮುಖ ಅರಳಿತ್ತು.

“ಆದೆಪ್ಪಗ ಹೇಳಿದ್ದಿಲ್ಲ, ಖುಷಿ ಪಡ್ಲಿ ಅಂತ ಗುಪ್ತಾಗಿ ಇಟ್ಟಿದ್ದೆ. ಇವನ ಓದು ಕೇಳಾಕಂತ ಹೈದರಾಬಾದಿನಿಂದ ಶಾಸನದ ಪಂಡಿತರು ಬಂದಾರ!”

ಬಿಳಿ ಪೇಟ ಸುತ್ತಿದ ವಯಸ್ಸಾದ ಪಂಡಿತರು ಮುಂದೆ ಬಂದು ಕೈ ಮುಗಿದರು. ಆದೆಪ್ಪನೂ ಕೈ ಮುಗಿದ. ಕೊನೆಯ ನಮಸ್ಕಾರ ಮಾಡುವವರು ಹೀಗೆಯೇ ಕೈ ಮುಗಿಯುತ್ತಾರೇನೋ.

ಓದದೆ ವಿಧಿಯಿರಲಿಲ್ಲ. ಬರೆಸಿದ್ದನ್ನು ಬಾಯಿಪಾಠ ಮಾಡಿದ್ದ. ಬಂಡೆಯ ಮೇಲೆ ಬೆರಳಿಟ್ಟು, ತಾಯಿ ತಂದೆಯ ಮಾತಿನಿಂದ ಎತ್ತುಗಳವರೆಗೆ, ಎತ್ತುಗಳಿಂದ ಬಾವಿಯವರೆಗೆ ಒಂದೇ ಉಸಿರಿನಲ್ಲಿ ಮುಗಿಸಿದ. ಹಸನ್‌ಸಾಬರ ಉರ್ದು ಹಾಳೆಯೇ ಮನಸ್ಸಿನಲ್ಲಿದ್ದುದರಿಂದ ಬೆರಳು ಬಲದಿಂದ ಎಡಕ್ಕೆ ಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಅಮೀನರು, “ಬರೋಬರಿ,” ಎಂದು ಕಾಗದ ಮಡಿಸಿದರು.

ಪಂಡಿತರು ಮೆಲ್ಲಗೆ ಹೇಳಿದರು: “ಮಾತು ಬಹಳ ಚೆನ್ನಾಗಿವೆ. ಆದರೆ ಈ ಬಂಡೆಯ ಮೇಲೆ ಅವು ಇಲ್ಲ.” ಎಡದಿಂದ ಬಲಕ್ಕೆ ಬೆರಳಾಡಿಸಿ ಅವರು ಓದಿ ಅರ್ಥ ಹೇಳಿದರು. “ಧರ್ಮದಲ್ಲಿ ನಡೆದರೆ ಸಣ್ಣವನೂ ಈ ಹಿರಿಯ ಗುರಿಯನ್ನು ಸಾಧಿಸಬಲ್ಲ. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಇದನ್ನು ಸಣ್ಣವರಿಗೂ ಹೇಳಬೇಕು, ದೊಡ್ಡವರಿಗೂ ಹೇಳಬೇಕು. ರಾಜ ಹೇಳಿರುವುದು ಇದು.”

ಅಮೀನರು ಕುರ್ಚಿಯಿಂದ ಎದ್ದರು. “ಇದಕ್ಕ ಇಜಾಜತ್ ಐತೇನ್ರಿ?”

“ಇದು ಬಂಡೆಯ ಮೇಲೇ ಇದೆ, ಸಾಹೇಬರೆ.”

“ಬಂಡೆ ಮ್ಯಾಲಿದ್ರ ಆತೇನು? ಹಾಳಿ ಮ್ಯಾಲಿರಬೇಕು. ರಾಜ ಅರ್ಜಿ ಕೊಟ್ಟಿದ್ದು ಇದಕ್ಕ,” ಎಂದು ಮಡಿಸಿದ ಕಾಗದವನ್ನು ಬಡಿದು ತೋರಿಸಿದರು.

ಆದರೆ ದುರುಗಪ್ಪನ ಕಿವಿ ನೆಟ್ಟಗಾಗಿತ್ತು. “ತಡೀರಿ ಸಾಹೇಬ್ರ. ಪಂಡಿತರ, ಬಾವಿ ಮಾತು ಎಲ್ಲೈತಿ?”

“ಬಾವಿಯ ಮಾತು ಇದರಲ್ಲಿ ಇಲ್ಲಪ್ಪ.”

ಗ್ಯಾನಮ್ಮ ತಲೆಯ ಮೇಲಿನ ಕೊಡವನ್ನು ನಿಧಾನವಾಗಿ ಕೆಳಗಿಳಿಸಿದಳು. ದುರುಗಪ್ಪ ಅವಳತ್ತ ತಿರುಗಿ ಬೆರಳು ಮಾಡಿದ.

“ಈಕಿದ ಕೆಲಸ ಇದು! ಪ್ಯಾಟಿಯವರನ್ನ ಹಿಡದು ಸುಳ್ಳು ಹುಕುಂ ಬರೆಸ್ಯಾಳ! ಸಾಹೇಬ್ರ, ಈಕಿನ್ನ ಹಿಡೀರಿ!”

ಜಿಲಾನಿಸಾಬರ ಮುಖ ಬಿಳುಪೇರಿತು. ಸುಳ್ಳು ಹುಕುಮಿನ ಮೇಲೆ ಇದ್ದದ್ದು ಅವರದೇ ಮೊಹರು. ಗ್ಯಾನಮ್ಮನ ಕೈ ಕೊಡದ ಕಂಠವನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ನೋಡಿ ಆದೆಪ್ಪನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಚರಿತ್ರೆಯ ಪೀಠಿಕೆಯಿಲ್ಲದೆ ಮಾತಾಡಿದ.

“ಆಕಿದೇನೂ ತಪ್ಪಿಲ್ರಿ. ಆಕಿನ್ನ ನಾ ಇವತ್ತ ನೋಡಾಕತ್ತೀನಿ. ನನಗ ಈ ಅಕ್ಷರ ಓದಾಕ ಬರಂಗಿಲ್ಲ. ಬಾವಿ ಮಾತು, ಎತ್ತಿನ ಮಾತು, ಎಲ್ಲಾ ನಾನ ಹುಟ್ಟಿಸಿ ಬರ್ಸಿದ್ದು. ಹಿಡಿಯೂದಾದ್ರ ನನ್ನ ಹಿಡೀರಿ.”

ಎಲ್ಲರೂ ಆದೆಪ್ಪನನ್ನು ನೋಡಿದರು. ಆಮೇಲೆ, ಯಾರೂ ಹೇಳದಿದ್ದರೂ, ಎಲ್ಲರೂ ದುರುಗಪ್ಪನನ್ನು ನೋಡಿದರು. ಹಿಂದಿನಿಂದ ಒಂದು ದನಿ ಬಂತು.

“ಹಂಗಾದ್ರ ದುರುಗಪ್ಪ ಬಗ್ಗಿದ್ದು ಪತ್ತಲದಂಗಡಿಯವಗ ಏನು?”

ಯಾರೋ ಕಿಸಕ್ಕನೆ ನಕ್ಕರು. ನಗೆ ಹೆಂಗಸರ ಸಾಲಿಗೆ ದಾಟಿತು. ದುರುಗಪ್ಪನ ಮೀಸೆ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬಂತು. ಬಾವಿ ಕಟ್ಟೆಯ ಮೇಲೆ ಕೂತು ರಾಜನೂ ತಾನೂ ಎಂದು ಹೇಳಿದ ಮಾತುಗಳೆಲ್ಲ ಅವನಿಗೆ ಒಟ್ಟಿಗೆ ನೆನಪಾದವೆಂದು ಕಾಣುತ್ತದೆ.

“ಯಾವಾವಲೇ ಅಂದಾವ?” ಎಂದು ಗುಡುಗಿದ. “ಸುಳ್ಳ ಹೇಳಾಕತ್ತಾನ ಇವ! ಇವನ ಮಾರಿ ನೋಡ್ರಿ. ಇಂಥಾ ಮಾತು ಇವಗ ಹೊಳೀತೈತೇನು? ಈ ದುರುಗಪ್ಪ ಅರಿವಿ ಮಾರವನ ಮಾತಿಗೆ ಬಾವಿ ಬಿಡವ ಅಲ್ಲ. ಬಿಟ್ಟೀನಂದ್ರ ರಾಜನ ಹೇಳಿರಬೇಕು!” ಬಂಡೆಯ ಬಳಿಗೆ ಧಾವಿಸಿ ಚಕ್ಕೆ ಎದ್ದ ಜಾಗದ ಮೇಲೆ ಅಂಗೈ ಇಟ್ಟ. “ಇಲ್ಲಿ ಕಲ್ಲು ಒಡದೈತಿ. ಇಲ್ಲೇ ಇತ್ತು ಬಾವಿ ಮಾತು. ಹೌದಲ್ರಿ ಪಂಡಿತರ?”

ಪಂಡಿತರು ಒಡೆದ ಕಲ್ಲನ್ನು ನೋಡಿದರು, ಕೊಡ ಹಿಡಿದವಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು. “ಇಲ್ಲದ ಕಲ್ಲಿನ ಮೇಲೆ ಏನಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ,” ಎಂದರು.

“ಕೇಳಿದ್ರಿಲ್ಲೋ!” ಎಂದ ದುರುಗಪ್ಪ.

“ನಾನ ರೀ ಬರ್ಸಿದ್ದು,” ಎಂದ ಆದೆಪ್ಪ.

“ಖಾಮೋಶ್!” ಎಂದರು ಜಿಲಾನಿಸಾಬರು. ಅವರ ಮುಖಕ್ಕೆ ರಕ್ತ ಮರಳಿತ್ತು. “ಆದೆಪ್ಪ, ನಿನಗ ಇಜಾಜತ್ ಇರೂದು ಹಾಳ್ಯಾಗ ಇದ್ದದ್ದಕ್ಕ ಅಷ್ಟ. ‘ನಾನ ಬರ್ಸಿದ್ದು’ ಅನ್ನೂದು ಹಾಳ್ಯಾಗ ಎಲ್ಲೈತಿ? ಭಾಷಣ ಮುಗೀತು. ಎಲ್ಲಾರೂ ಎದ್ದು ಊಟ ಮಾಡ್ರಿ.”

ಮಂಡಳಿಯವರಿಗೆ ಇಡೀ ಕಾರ್ಯಕ್ರಮದಲ್ಲಿ ಸಂಪೂರ್ಣವಾಗಿ ಅರ್ಥವಾದ ಮಾತು ಇದೊಂದೇ. ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ. ದುರುಗಪ್ಪ ತಾನೇ ಬಾವಿಯಿಂದ ನೀರು ತರಿಸಿ ಅಮೀನರಿಗೂ ಪಂಡಿತರಿಗೂ ಕೊಟ್ಟ. ಸಂಜೆಗೆ ಬಂಡಿಗಳು ಸಿಂಧನೂರಿನ ಕಡೆಗೆ ಮುಖ ಮಾಡಿದವು.

ಆದೆಪ್ಪ ಸಪ್ಪಗೆ ಕೂತಿದ್ದ. ಮಾನ ಹೋಗಲೆಂದು ಅವನು ಗಟ್ಟಿ ಮನಸ್ಸು ಮಾಡಿದ್ದ, ಅದೂ ಹೋಗಿರಲಿಲ್ಲ. ಹಸನ್‌ಸಾಬರು ಅವನ ಭುಜ ತಟ್ಟಿದರು.

“ಭಾರಿ ದೊಡ್ಡ ಮನಸು ನಿಂದು. ಒಬ್ಬ ಹೆಣ್ಮಗಳಿಗಾಗಿ ಮಾಡದ ತಪ್ಪು ಮೈಮ್ಯಾಲೆ ಹಾಕ್ಕೊಂಡಿ.”

“ಮಾಡಿದ್ದ ರೀ ಮಾಸ್ತರ. ಆಣಿ ಮಾಡ್ತೀನಿ, ನಾನ ಹುಟ್ಟಿಸಿದ್ದು.”

“ಇರ್ಲಿ, ಇರ್ಲಿ,” ಎಂದು ಹಸನ್‌ಸಾಬರು ಕಣ್ಣೊರೆಸಿಕೊಂಡರು.

ಆದೆಪ್ಪ ಹೆಂಡತಿಯ ಕಡೆ ತಿರುಗಿದ. ನನಗೆ ಓದಲು ಬರುವುದಿಲ್ಲವೆಂದು ನಿನಗಾದರೂ ಗೊತ್ತಲ್ಲ ಎಂದು ಬೇಡಿಕೊಳ್ಳುವ ದನಿಯಲ್ಲಿ ಕೇಳಿದ.

“ಓದಾಕ ಬರಂಗಿಲ್ಲ ಅಂತ ಗೊತ್ತೈತಿ,” ಎಂದಳು ಪಕೀರಮ್ಮ. “ಹಂಗಂತ ಅಷ್ಟು ಛಲೋ ಮಾತು ನಿಮಗ ಹುಟ್ಟಿದ್ವು ಅಂದ್ರ ನಾ ನಂಬಂಗಿಲ್ಲ. ಯಾರಿಂದರೆ ಕೇಳಿ ಬಂದಿರ್ತೀರಿ.”

ಬಂಡಿ ಹಳ್ಳ ಇಳಿಯುವಾಗ ಯಾರೋ ಹಿಂದಿನಿಂದ ಕೂಗಿದರು. ಗ್ಯಾನಮ್ಮ ಸೆರಗು ಬಿಗಿದುಕೊಂಡು, ನೀರಿನ ಚರಿಗೆ ಹಿಡಿದು ಓಡಿ ಬರುತ್ತಿದ್ದಳು. ಆದೆಪ್ಪ ಇಳಿದ. ಅವಳು ಚರಿಗೆಯನ್ನು ಅವನ ಕೈಗೆ ಕೊಟ್ಟು ದಮ್ಮು ತೆಗೆದುಕೊಂಡಳು. ಆಮೇಲೆ ಬಂಡಿಯವರಿಗೆ ಕೇಳದಂತೆ ಹೇಳಿದಳು:

“ನೀವ ಬರ್ಸಿದ್ದು ಅಂತ ನನಗ ಗೊತ್ತಾತ್ರಿ.”

ಆದೆಪ್ಪ ಬಂಡಿಯ ಕಡೆ ಒಮ್ಮೆ ತಿರುಗಿ ನೋಡಿದ.

“ದಿಕ್ಕಿಲ್ಲದವರ ಕೊಡ ಮೊದಲ ತುಂಬಬೇಕು ಅನ್ನೂದು ರಾಜಗ ಹೆಂಗ ಹೊಳೀತೈತ್ರಿ? ರಾಜ ಯಾವತ್ತು ಬಾವಿ ಕಟ್ಟಿ ಮ್ಯಾಲೆ ಕಾಯ್ಕೊಂಡು ನಿಂತಿದ್ದ?” ಅವಳು ಮುಗುಳ್ನಕ್ಕಳು. “ಯಾರ ಮುಂದೂ ನಾ ಹೇಳಂಗಿಲ್ಲ. ನೀವೂ ಇನ್ನೊಮ್ಮೆ ಹೇಳಬ್ಯಾಡ್ರಿ. ಭಾವ ಹಗ್ಗ ತಗದಾನು.”

ಆದೆಪ್ಪ ಚರಿಗೆಯ ನೀರನ್ನು ನಿಂತಲ್ಲೇ ಪೂರ್ತಿ ಕುಡಿದ. ಖಾಲಿ ಚರಿಗೆ ಹಿಂದಿರುಗಿಸಿ ಬಂಡಿ ಹತ್ತಿದಾಗ ಅವನ ಕಣ್ಣು ತುಂಬಿದ್ದವು. ಆಕೆ ಏನು ಹೇಳಿದಳೆಂದು ಪಕೀರಮ್ಮ ಕೇಳಿದಳು.

“ಏನಿಲ್ಲ,” ಎಂದ. “ಬಂಡೆ ಮ್ಯಾಲೆ ರಾಜ ಭಾರಿ ಛಲೋ ಬರದಾನ ಅಂದ್ಲು.”